ಹಳೆ ಆಂಪ್‌ಗೆ ಹೊಸ ಟ್ರಾನ್ಸಿಸ್ಟರ್: ನಂಬರ್ ಒಂದೇ ಇದ್ದರೆ ಸಾಕಾ?

ನಲವತ್ತೈವತ್ತು ವರ್ಷ ಹಳೆಯ ಗಿಟಾರ್ ಆಂಪ್ಲಿಫೈಯರ್. ಮೂಲೆಯಲ್ಲಿ ಧೂಳು ಹಿಡಿದು ಕೂತಿತ್ತು. ಒಂದು ದಿನ ಆಸೆಯಾಗಿ ಹೊರಗೆಳೆದು ಪ್ಲಗ್ ಹಾಕುತ್ತೀರಿ. ಸ್ಪೀಕರಿನಿಂದ ಗುಂಯ್ ಅಂತ ಜೋರು ಸದ್ದು. ಕೋನ್ ಮುಂದಕ್ಕೆ ಉಬ್ಬಿ ಅಲ್ಲೇ ನಿಲ್ಲುತ್ತದೆ. ಎರಡು ಸೆಕೆಂಡಿನಲ್ಲಿ ಫ್ಯೂಸ್ ಹೋಗುತ್ತದೆ. ರಿಪೇರಿಯವರು ಬಿಚ್ಚಿ ನೋಡಿ ಹೇಳುವುದು ಎರಡೇ ಮಾತು: "ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದೆ. ಈ ನಂಬರ್ ಈಗ ಬರ್ತಿಲ್ಲ."

ಆಮೇಲೆ ಸಲಹೆಗಳು ಶುರು. "ಯಾವುದಾದರೂ ದೊಡ್ಡದು ಹಾಕಿ, ನಡೆಯುತ್ತೆ" ಅಂತ ಒಬ್ಬರು. "ಒರಿಜಿನಲ್ ಸಿಗದಿದ್ದರೆ ಮುಟ್ಟಲೇಬೇಡಿ" ಅಂತ ಇನ್ನೊಬ್ಬರು. ಎರಡರಲ್ಲೂ ಅರ್ಧ ನಿಜ ಇದೆ. ಯಾವ ಅರ್ಧ ಅಂತ ತಿಳಿಯಬೇಕಾದರೆ ಆ ಟ್ರಾನ್ಸಿಸ್ಟರ್ ಅಲ್ಲಿ ಕೂತು ಏನು ಮಾಡುತ್ತಿತ್ತು ಅಂತ ಗೊತ್ತಿರಬೇಕು.

ಟ್ರಾನ್ಸಿಸ್ಟರಿನ ಬದಲು ಗಾಜಿನ ಕೊಳವೆ ಇರುವ ವಾಲ್ವ್ ಆಂಪ್‌ಗಳ ಕಥೆ ಬೇರೆ, ಅದು ಇಲ್ಲಿ ಬೇಡ. 1960ರ ದಶಕದಲ್ಲಿ ವಾದ್ಯಗಳ ಆಂಪ್‌ಗೆ ಟ್ರಾನ್ಸಿಸ್ಟರ್ ಬಂತು. ಫೆಂಡರ್ ಕಂಪನಿ ತನ್ನ ಟ್ರಾನ್ಸಿಸ್ಟರ್ ಆಂಪ್‌ಗಳನ್ನು 1966ರಲ್ಲಿ ತಂದಿತು. ಇವತ್ತಿಗೂ ಹೆಸರು ಉಳಿಸಿಕೊಂಡಿರುವ ರೋಲ್ಯಾಂಡ್ ಜೆಸಿ-120 ಬಂದಿದ್ದು 1975ರಲ್ಲಿ. ನಾವು ಮಾತಾಡುತ್ತಿರುವುದು ಆ ಕಾಲದ ಡಬ್ಬಗಳ ಬಗ್ಗೆ.

## ನಲ್ಲಿ ಮತ್ತು ಗರಗಸ

ಟ್ರಾನ್ಸಿಸ್ಟರ್ ಅಂದರೆ ಒಂದು ನಲ್ಲಿ ಅಂದುಕೊಳ್ಳಿ. ಅದಕ್ಕೆ ಮೂರು ಕಾಲು. ಕಲೆಕ್ಟರ್ ಅಂದರೆ ಟ್ಯಾಂಕಿನ ಕಡೆಯ ಪೈಪು. ಎಮಿಟರ್ ಅಂದರೆ ನೀರು ಹೊರಗೆ ಬೀಳುವ ಬಾಯಿ. ಬೇಸ್ ಅಂದರೆ ತಿರುಗಿಸುವ ಹಿಡಿ. ಹಿಡಿಯನ್ನು ಸ್ವಲ್ಪ ತಿರುಗಿಸಿದರೆ ಸಾಕು, ನೀರು ಧಾರಾಳವಾಗಿ ಹರಿಯುತ್ತದೆ. ಬೇಸ್‌ಗೆ 0.1 ಆಂಪಿಯರ್ ಕೊಟ್ಟಾಗ ಎಮಿಟರ್ ಕಡೆ 4 ಆಂಪಿಯರ್ ಹರಿದರೆ ಆ ಟ್ರಾನ್ಸಿಸ್ಟರಿನ ಗೇನ್ ಸುಮಾರು 40.

ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಗಿಟಾರಿನ ಪಿಕಪ್ ಕೊಡುವುದು ವೋಲ್ಟಿನ ಒಂದು ಚೂರು. ಸ್ಪೀಕರಿನ ಕೋನ್ ತಳ್ಳಲು ಹತ್ತಾರು ವೋಲ್ಟ್, ಹಲವು ಆಂಪಿಯರ್ ಬೇಕು. ಸಿಗ್ನಲ್ಲನ್ನು ಹಂತ ಹಂತವಾಗಿ ದೊಡ್ಡದು ಮಾಡುತ್ತಾ ಬಂದು, ಕೊನೆಗೆ ಸ್ಪೀಕರಿಗೆ ಕೈ ಹಾಕುವುದು ಔಟ್‌ಪುಟ್ ಟ್ರಾನ್ಸಿಸ್ಟರ್. ಅದರ ಹಿಡಿ ತಿರುಗಿಸುವ ಸಣ್ಣ ಟ್ರಾನ್ಸಿಸ್ಟರಿಗೆ ಡ್ರೈವರ್ ಅಂತಾರೆ.

ಔಟ್‌ಪುಟ್ ಯಾವಾಗಲೂ ಜೋಡಿ. ಇಬ್ಬರು ಹಿಡಿಯುವ ದೊಡ್ಡ ಗರಗಸ ನೋಡಿದ್ದೀರಲ್ವಾ? ಒಬ್ಬ ಎಳೆಯುವಾಗ ಇನ್ನೊಬ್ಬ ಸುಮ್ಮನಿರುತ್ತಾನೆ, ಆಮೇಲೆ ಇವನ ಸರದಿ. ಇಲ್ಲೂ ಹಾಗೇ. ಒಂದು ಟ್ರಾನ್ಸಿಸ್ಟರ್ ಕೋನನ್ನು ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಇಬ್ಬರ ಕೈ ಬದಲಾಗುವ ಗಳಿಗೆಯಲ್ಲಿ ಗರಗಸ ತಡವರಿಸಬಾರದು. ಅದಕ್ಕೇ ಎರಡನ್ನೂ ಯಾವಾಗಲೂ ಕೂದಲೆಳೆಯಷ್ಟು ತೆರೆದಿಟ್ಟಿರುತ್ತಾರೆ. ಇದಕ್ಕೆ ಬಯಾಸ್ ಅಂತ ಹೆಸರು. ಬಯಾಸ್ ಕಡಿಮೆಯಾದರೆ, ಮೀಟಿದ ಸ್ವರ ಆರಿಹೋಗುವ ಹೊತ್ತಿಗೆ ಕರಕರ ಅನ್ನುತ್ತದೆ. ಜಾಸ್ತಿಯಾದರೆ ಸುಮ್ಮನಿದ್ದಾಗಲೂ ಟ್ರಾನ್ಸಿಸ್ಟರ್ ಬಿಸಿಯಾಗುತ್ತದೆ.

ಈ ಜೋಡಿ ಎನ್‌ಪಿಎನ್ ಮತ್ತು ಪಿಎನ್‌ಪಿ ಅಂತ ಎರಡು ಜಾತಿಯದಾಗಿರಬಹುದು; ಕರೆಂಟ್ ಒಂದರಲ್ಲಿ ಹರಿಯುವ ದಿಕ್ಕಿಗೆ ಇನ್ನೊಂದರಲ್ಲಿ ಉಲ್ಟಾ. ಆದರೆ 1960ರ ದಶಕದಲ್ಲಿ ದೊಡ್ಡ ಸಿಲಿಕಾನ್ ಪಿಎನ್‌ಪಿ ಸಿಗುವುದೇ ಕಷ್ಟವಿತ್ತು. ಹಾಗಾಗಿ ಆ ಕಾಲದ ಬಹಳ ಆಂಪ್‌ಗಳಲ್ಲಿ ಎರಡೂ ಕಡೆ ಎನ್‌ಪಿಎನ್ನೇ ಇರುತ್ತದೆ. ಎರಡರ ಮೇಲೂ ಒಂದೇ ನಂಬರ್ ಕಂಡರೆ ಯಾರೋ ತಪ್ಪಾಗಿ ಹಾಕಿದ್ದಾರೆ ಅಂದುಕೊಳ್ಳಬೇಡಿ. ಸರ್ಕ್ಯೂಟೇ ಹಾಗಿರಬಹುದು.

## ಮೇಲೆ ಬರೆದ ನಂಬರ್ ಏನು ಹೇಳುತ್ತದೆ

ಕೆಲವು ಸಲ ಏನೂ ಹೇಳುವುದಿಲ್ಲ! ಹಳೆ ಆಂಪ್ ಕಂಪನಿಗಳು ಟ್ರಾನ್ಸಿಸ್ಟರನ್ನು ಸಾವಿರಗಟ್ಟಲೆ ಕೊಂಡು, ತಮಗೆ ಬೇಕಾದ ಹಾಗೆ ಆರಿಸಿಕೊಂಡು, ತಮ್ಮದೇ ಸ್ಟಾಕ್ ನಂಬರ್ ಒತ್ತಿಸುತ್ತಿದ್ದವು. ಆ ನಂಬರ್ ಯಾವ ಡಾಟಾಶೀಟಿನಲ್ಲೂ (ಟ್ರಾನ್ಸಿಸ್ಟರ್ ತಯಾರಕರು ಕೊಡುವ ವಿವರಪಟ್ಟಿ) ಸಿಗುವುದಿಲ್ಲ. ಆಂಪ್‌ನ ಸರ್ವೀಸ್ ಮ್ಯಾನುಯಲ್ ಸಿಕ್ಕರೆ ಅದರಲ್ಲಿ ಮೂಲ ನಂಬರ್ ಇರಬಹುದು.

ಪಕ್ಕದಲ್ಲಿ ಇನ್ನೊಂದು ನಾಲ್ಕಂಕಿಯ ಸಂಖ್ಯೆ ಇರುತ್ತದೆ. 7423 ಅಂತಿದ್ದರೆ ಬಹುಪಾಲು ಅದು ತಯಾರಾದ ದಿನದ ಗುರುತು: 1974ನೇ ಇಸವಿಯ 23ನೇ ವಾರ. ಇದನ್ನೇ ಟ್ರಾನ್ಸಿಸ್ಟರಿನ ನಂಬರ್ ಅಂದುಕೊಂಡು ಹುಡುಕಿ ಸುಸ್ತಾದವರಲ್ಲಿ ನಾನೂ ಒಬ್ಬ. ಆದರೆ ಆಂಪ್‌ನ ವಯಸ್ಸು ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ನಂಬರ್ ಸಿಗದಿದ್ದರೂ ಪರವಾಗಿಲ್ಲ. ಸರ್ಕ್ಯೂಟ್ ಏನು ಕೇಳುತ್ತದೆ ಅಂತ ಲೆಕ್ಕ ಹಾಕಬಹುದು.

## ವೋಲ್ಟೇಜ್, ಕರೆಂಟ್: ಸ್ವಲ್ಪ ಲೆಕ್ಕ

ಆಂಪ್‌ನ ಬೆನ್ನ ಮೇಲೆ 60 ವ್ಯಾಟ್, 8 ಓಮ್ ಅಂತ ಬರೆದಿದೆ ಅಂತಿಟ್ಟುಕೊಳ್ಳೋಣ. 60 ವ್ಯಾಟ್ ಕೊಡಬೇಕಾದರೆ ಸ್ಪೀಕರಿಗೆ ಅಲೆಯ ತುತ್ತತುದಿಯಲ್ಲಿ ಸುಮಾರು 31 ವೋಲ್ಟ್ ಬೇಕು. 31 ವೋಲ್ಟನ್ನು 8 ಓಮಿನಿಂದ ಭಾಗಿಸಿದರೆ ಸುಮಾರು 3.9 ಆಂಪಿಯರ್. ಅಷ್ಟು ಕೊಡುವ ಆಂಪ್‌ನೊಳಗೆ ಪ್ಲಸ್ 40 ಮತ್ತು ಮೈನಸ್ 40 ವೋಲ್ಟಿನ ಸಪ್ಲೈ ಇರಬಹುದು.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. "ಸಪ್ಲೈ 40 ವೋಲ್ಟ್, 60 ವೋಲ್ಟಿನ ಟ್ರಾನ್ಸಿಸ್ಟರ್ ಧಾರಾಳ ಆಯ್ತು" ಅನ್ನುತ್ತಾರೆ. ಅಲ್ಲ. ಮೇಲಿನ ಟ್ರಾನ್ಸಿಸ್ಟರ್ ಪೂರ್ತಿ ತೆರೆದಾಗ, ಎರಡೂ ಸೇರಿ ಸ್ಪೀಕರಿಗೆ ಹೋಗುವ ನಡುವಿನ ಬಿಂದು ಪ್ಲಸ್ 40ರ ಹತ್ತಿರ ಹೋಗುತ್ತದೆ. ಕೆಳಗಿನದು ಆಗ ಮುಚ್ಚಿಕೊಂಡಿದೆ, ಅದರ ಇನ್ನೊಂದು ತುದಿ ಮೈನಸ್ 40ರಲ್ಲಿದೆ. ಅಂದರೆ ಅದರ ಮೇಲೆ ಬೀಳುವುದು ಹತ್ತಿರಹತ್ತಿರ 80 ವೋಲ್ಟ್. ಗೋಡೆಯ ಕರೆಂಟ್ ಶೇಕಡ 10 ಏರಿದರೆ 88. ಹಾಗಾಗಿ ಇಲ್ಲಿ ಕನಿಷ್ಠ 100, ಸಾಧ್ಯವಾದರೆ 120 ವೋಲ್ಟ್ ತಡೆಯುವುದನ್ನು ಹುಡುಕಬೇಕು. ಡಾಟಾಶೀಟಿನಲ್ಲಿ ಕಲೆಕ್ಟರ್-ಬೇಸ್ ವೋಲ್ಟೇಜ್ ಅಂತ ಇನ್ನೊಂದು ದೊಡ್ಡ ಅಂಕಿಯೂ ಇರುತ್ತದೆ. ಅದನ್ನು ನೋಡಿ ಮೋಸ ಹೋಗಬೇಡಿ. ಬೇಸ್‌ಗೆ ಏನೂ ಜೋಡಿಸದೆ ಬಿಟ್ಟಾಗ ಕಲೆಕ್ಟರ್-ಎಮಿಟರ್ ನಡುವೆ ಎಷ್ಟು ತಡೆಯುತ್ತದೆ ಅನ್ನುವ ಅಂಕಿಯನ್ನೇ ಹಿಡಿಯಿರಿ.

ಕರೆಂಟ್ ಅಂದರೆ ಇಲ್ಲಿ ಎಷ್ಟು ಆಂಪಿಯರ್ ಹರಿಯುತ್ತದೆ ಅನ್ನುವ ಲೆಕ್ಕ. 3.9 ಆಂಪಿಯರ್ ಸಾಕು ಅನ್ನಿಸುತ್ತದೆ. ಆದರೆ ವಾದಕರು ಇನ್ನೊಂದು ಸ್ಪೀಕರ್ ಬಾಕ್ಸ್ ಪಕ್ಕಕ್ಕೆ ಜೋಡಿಸಿದರೆ 8 ಓಮ್ 4 ಓಮ್ ಆಗುತ್ತದೆ, ಕರೆಂಟ್ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 15 ಆಂಪಿಯರಿನದು ಹಾಕಿದರೆ ನೆಮ್ಮದಿ. ಈ ಎರಡು ವಿಷಯದಲ್ಲಿ "ದೊಡ್ಡದು ಹಾಕಿ" ಅನ್ನುವವರ ಮಾತು ಸರಿ.

## ವ್ಯಾಟ್ ಅನ್ನುವ ಸುಳ್ಳಲ್ಲದ ಸುಳ್ಳು

2ಎನ್3055 ಅನ್ನುವ ಟ್ರಾನ್ಸಿಸ್ಟರ್ ಈ ಲೋಕದ ಹಳೆ ಯಜಮಾನ. 60 ವೋಲ್ಟ್, 15 ಆಂಪಿಯರ್, 115 ವ್ಯಾಟ್. 60 ವೋಲ್ಟನ್ನು 15 ಆಂಪಿಯರಿನಿಂದ ಗುಣಿಸಿದರೆ 900 ವ್ಯಾಟ್ ಅಲ್ವಾ, 115 ಯಾಕೆ? ಯಾಕೆಂದರೆ ಎರಡೂ ಒಟ್ಟಿಗೆ ಬರುವ ಹಾಗಿಲ್ಲ. ಟ್ರಾನ್ಸಿಸ್ಟರ್ ತನ್ನೊಳಗೆ ಶಾಖವಾಗಿ ಸುಡಬಹುದಾದದ್ದು 115 ವ್ಯಾಟ್ ಮಾತ್ರ.

ಆ 115 ಕೂಡ ಟ್ರಾನ್ಸಿಸ್ಟರಿನ ಮೈ 25 ಡಿಗ್ರಿ ಇದ್ದಾಗಿನ ಲೆಕ್ಕ. ನಿಜದ ಆಂಪ್‌ನಲ್ಲಿ ಎಲ್ಲಿಯ 25 ಡಿಗ್ರಿ? ಮೈ ಒಂದೊಂದು ಡಿಗ್ರಿ ಕಾದ ಹಾಗೆ ಸುಮಾರು 0.66 ವ್ಯಾಟ್ ಕಳೆಯುತ್ತಾ ಹೋಗಬೇಕು. 100 ಡಿಗ್ರಿ ಆದಾಗ ಉಳಿಯುವುದು 66 ವ್ಯಾಟ್. 200 ಡಿಗ್ರಿಗೆ ಸೊನ್ನೆ. ಇದೇ ಟ್ರಾನ್ಸಿಸ್ಟರಿನ ಪ್ಲಾಸ್ಟಿಕ್ ಮೈಯ ತಮ್ಮ ಟಿಐಪಿ3055. ಅದು 90 ವ್ಯಾಟಿನದು, 150 ಡಿಗ್ರಿಗೇ ಸೊನ್ನೆ. 100 ಡಿಗ್ರಿಯಲ್ಲಿ ಅದಕ್ಕೆ ಉಳಿಯುವುದು ಬರೀ 36 ವ್ಯಾಟ್. ಲೋಹದ ಟೋಪಿ ಇರುವ ಹಳೆ ಟ್ರಾನ್ಸಿಸ್ಟರ್ ತೆಗೆದು ಅದೇ ವೋಲ್ಟೇಜಿನ ಪ್ಲಾಸ್ಟಿಕ್ ಹಾಕುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಅಂದಹಾಗೆ, ಔಟ್‌ಪುಟ್ ಅತಿ ಹೆಚ್ಚು ಕಾಯುವುದು ಫುಲ್ ವಾಲ್ಯೂಮಿನಲ್ಲಿ ಅಲ್ಲ. ಒಂದೇ ಸಮನೆ ಸ್ವರ ಹಿಡಿದಾಗ, ಪೂರ್ತಿ ಶಕ್ತಿಯ ಸುಮಾರು 40 ಶೇಕಡ ಕೊಡುವಾಗಲೇ ಟ್ರಾನ್ಸಿಸ್ಟರ್ ಹೆಚ್ಚು ಶಾಖ ತಿನ್ನುತ್ತದೆ. ನಲ್ಲಿ ಪೂರ್ತಿ ತೆರೆದಾಗ ತಡೆ ಕಮ್ಮಿ, ಪೂರ್ತಿ ಮುಚ್ಚಿದಾಗ ಹರಿವೇ ಇಲ್ಲ. ಅರೆಬರೆ ತೆರೆದಾಗಲೇ ತಿಕ್ಕಾಟ ಜಾಸ್ತಿ.

ಇನ್ನೊಂದು ಗುಟ್ಟು ಡಾಟಾಶೀಟಿನ ಗ್ರಾಫಿನಲ್ಲಿದೆ. ಸೇಫ್ ಆಪರೇಟಿಂಗ್ ಏರಿಯಾ ಅಂತ ಅದರ ಹೆಸರು, ಸುರಕ್ಷಿತ ಬೇಲಿ ಅಂತ ಕರೆಯೋಣ. ಎಂಜೆ15003 ಅನ್ನುವ 140 ವೋಲ್ಟ್, 20 ಆಂಪಿಯರ್, 250 ವ್ಯಾಟಿನ ಟ್ರಾನ್ಸಿಸ್ಟರನ್ನೇ ನೋಡಿ. 50 ವೋಲ್ಟ್ ಇದ್ದಾಗ ಅದು 5 ಆಂಪಿಯರ್ ತಡೆಯುತ್ತದೆ. ಗುಣಿಸಿದರೆ ಸರಿಯಾಗಿ 250 ವ್ಯಾಟ್. 100 ವೋಲ್ಟ್ ಆದಾಗ? 2.5 ಆಂಪಿಯರ್ ಇರಬೇಕಿತ್ತು. ಡಾಟಾಶೀಟ್ ಕೊಡುವುದು 1 ಆಂಪಿಯರ್ ಮಾತ್ರ. ಅಂದರೆ 250 ವ್ಯಾಟಿನವನು ಅಲ್ಲಿ 100 ವ್ಯಾಟಿನವನಾದ.

ಕಾರಣ ಇದು. ವೋಲ್ಟೇಜ್ ಜಾಸ್ತಿಯಾದಾಗ ಒಳಗಿನ ಸಿಲಿಕಾನ್ ಬಿಲ್ಲೆಯಲ್ಲಿ ಕರೆಂಟ್ ಸಮನಾಗಿ ಹರಡುವುದಿಲ್ಲ. ಒಂದು ಚುಕ್ಕೆ ಸ್ವಲ್ಪ ಹೆಚ್ಚು ಕಾಯುತ್ತದೆ. ಕಾದ ಕಡೆ ಇನ್ನಷ್ಟು ಕರೆಂಟ್ ನುಗ್ಗುತ್ತದೆ, ಇನ್ನಷ್ಟು ಕಾಯುತ್ತದೆ. ಕ್ಷಣದಲ್ಲಿ ಆ ಚುಕ್ಕೆ ಕರಗಿ ಕಲೆಕ್ಟರಿನಿಂದ ಎಮಿಟರಿಗೆ ನೇರ ದಾರಿಯಾಗುತ್ತದೆ. ಇದಕ್ಕೆ ಸೆಕೆಂಡ್ ಬ್ರೇಕ್‌ಡೌನ್ ಅಂತಾರೆ. ಹೊರಗೆ ಮುಟ್ಟಿ ನೋಡಿದರೆ ಟ್ರಾನ್ಸಿಸ್ಟರ್ ಬೆಚ್ಚಗೆ ಕೂಡ ಆಗಿರುವುದಿಲ್ಲ, ಆದರೆ ಸತ್ತಿರುತ್ತದೆ. ಸ್ಪೀಕರ್ ಬರೀ ರೆಸಿಸ್ಟರ್ ಅಲ್ಲ, ಅದರೊಳಗೆ ಸುರುಳಿ ಇದೆ. ಹಾಗಾಗಿ ವೋಲ್ಟೇಜೂ ಕರೆಂಟೂ ಒಟ್ಟಿಗೆ ದೊಡ್ಡದಾಗಿರುವ ಗಳಿಗೆಗಳು ಬರುತ್ತವೆ. ವಾದ್ಯದ ಆಂಪನ್ನು ಸಿಗ್ನಲ್ ಒಡೆಯುವಷ್ಟು ಜೋರಾಗಿಯೇ ನುಡಿಸುತ್ತಾರೆ, ಅದೂ ಗಂಟೆಗಟ್ಟಲೆ. ಹಾಗಾಗಿ ಎರಡು ಟ್ರಾನ್ಸಿಸ್ಟರಿನ ನಡುವೆ ಆಯ್ಕೆ ಮಾಡುವಾಗ ನಾನು ಮೊದಲು ತೆರೆಯುವುದು ಈ ಗ್ರಾಫನ್ನೇ.

## ವೇಗ: ದೊಡ್ಡದು ಒಳ್ಳೆಯದಲ್ಲದ ಜಾಗ

ಆರ್‌ಸಿಎ ಕಂಪನಿ 1960ರ ದಶಕದಲ್ಲಿ ತಂದ ಮೊದಲ 2ಎನ್3055 ಬಲು ನಿಧಾನದ ಪ್ರಾಣಿ. ಅದರ ವೇಗದ ಅಳತೆ, ಅಂದರೆ ಎಷ್ಟು ಬೇಗ ಏರಿಳಿಯುವ ಸಿಗ್ನಲ್ಲಿಗೆ ಸ್ಪಂದಿಸಬಲ್ಲದು ಅನ್ನುವುದು, ಸುಮಾರು 0.8 ಮೆಗಾಹರ್ಟ್ಸ್. ಆದರೆ ಗಟ್ಟಿ ಜೀವ. 1970ರ ದಶಕದಲ್ಲಿ ತಯಾರಿಸುವ ವಿಧಾನವೇ ಬದಲಾಯಿತು. ಎಪಿಟ್ಯಾಕ್ಸಿಯಲ್ ಅನ್ನುವ ಹೊಸ ವಿಧಾನದ 2ಎನ್3055ರ ವೇಗ ಕನಿಷ್ಠ 2.5 ಮೆಗಾಹರ್ಟ್ಸ್. ಮೇಲಿನ ನಂಬರ್ ಅದೇ, ಒಳಗಿನ ಬಿಲ್ಲೆ ಬೇರೆ. ಈ ಲೇಖನದ ತಲೆಬರಹದ ಪ್ರಶ್ನೆಗೆ ಇಲ್ಲೇ ಉತ್ತರ ಇದೆ.

ವೇಗ ಜಾಸ್ತಿಯಾದರೆ ಒಳ್ಳೆಯದಲ್ವಾ? ಆಂಪ್ ತನ್ನ ಔಟ್‌ಪುಟ್ಟನ್ನು ತಾನೇ ಸದಾ ನೋಡಿಕೊಳ್ಳುತ್ತಾ ತಪ್ಪು ತಿದ್ದಿಕೊಳ್ಳುತ್ತಿರುತ್ತದೆ. ಇದಕ್ಕೆ ಫೀಡ್‌ಬ್ಯಾಕ್ ಅಂತ ಹೆಸರು. ಹಳೆ ಡಿಸೈನರ್ ಆ ತಿದ್ದುವ ದಾರಿಯನ್ನು ನಿಧಾನದ ಟ್ರಾನ್ಸಿಸ್ಟರಿಗೆ ಹೊಂದಿಸಿ ಮಾಡಿದ್ದ. ಭಾರದ ಎತ್ತಿನಗಾಡಿಯ ಲಗಾಮು ಹಿಡಿದು ಅಭ್ಯಾಸ ಆದವರ ಕೈಗೆ ಓಟದ ಕುದುರೆ ಕೊಟ್ಟ ಹಾಗೆ. ಸ್ವಲ್ಪ ಎಳೆದರೂ ಅತ್ತ ಹಾರುತ್ತದೆ, ತಿದ್ದಲು ಹೋದರೆ ಇತ್ತ ಹಾರುತ್ತದೆ. ಆಂಪ್ ಕಿವಿಗೆ ಕೇಳಿಸದಷ್ಟು ಮೇಲಿನ ಸ್ವರದಲ್ಲಿ ತಾನಾಗೇ ಕೂಗಲು ಶುರುಮಾಡುತ್ತದೆ. ಇದನ್ನು ಆಸಿಲೇಶನ್ ಅಂತಾರೆ. ಸ್ಪೀಕರಿನಲ್ಲಿ ಏನೂ ಕೇಳಿಸದು, ಟ್ರಾನ್ಸಿಸ್ಟರಿನ ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್ ಮಾತ್ರ ಸುಮ್ನೆ ಬಿಸಿಯಾಗುತ್ತಿರುತ್ತದೆ.

ಬರಿಗಣ್ಣಿಗೆ ಸಿಗುವ ಒಂದು ಸುಳಿವಿದೆ. ಬಹಳ ಆಂಪ್‌ಗಳಲ್ಲಿ ಸ್ಪೀಕರ್ ತಂತಿಗೆ ಅಡ್ಡಲಾಗಿ 10 ಓಮಿನ ಒಂದು ರೆಸಿಸ್ಟರ್, ಅದರ ಜೊತೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರುತ್ತದೆ. ಇಂಥ ಕೂಗನ್ನು ಅಡಗಿಸಲೆಂದೇ ಇಟ್ಟದ್ದು. ಆ 10 ಓಮ್ ಕಪ್ಪಾಗಿದ್ದರೆ ಆಂಪ್ ಒಮ್ಮೆಯಾದರೂ ಹೀಗೆ ಕೂಗಿದೆ ಅಂತಲೇ ಅನುಮಾನಿಸಬೇಕು.

ಹಾಗಾದರೆ ಮೇಲಿನ 60 ವ್ಯಾಟಿನ ಆಂಪ್‌ಗೆ ಏನು ಹಾಕುವುದು? ಎಂಜೆ15015 ಇದೆ: 120 ವೋಲ್ಟ್, 15 ಆಂಪಿಯರ್, 180 ವ್ಯಾಟ್. 2ಎನ್3055ರ ಬಲಿತ ಅಣ್ಣ ಅನ್ನಬಹುದು. ಆಗಲೇ ಹೇಳಿದ ಎಂಜೆ15003 ಕೂಡ ಒಗ್ಗುತ್ತದೆ. ಅದರ ವೇಗ 2 ಮೆಗಾಹರ್ಟ್ಸ್, ಹಳೆ ಸರ್ಕ್ಯೂಟಿನ ಅಳತೆಯಿಂದ ತೀರಾ ದೂರ ಹೋಗುವುದಿಲ್ಲ. ಪಿಎನ್‌ಪಿ ಬೇಕಾದರೆ ಅದರ ಜೋಡಿ ಎಂಜೆ15004. ಸಪ್ಲೈ ಇನ್ನೂ ಹೆಚ್ಚಿದ್ದರೆ 250 ವೋಲ್ಟಿನ ಎಂಜೆ21194 ಮತ್ತು ಅದರ ಪಿಎನ್‌ಪಿ ಜೋಡಿ ಎಂಜೆ21193 ಇವೆ. ಇವುಗಳ ವೇಗ 4 ಮೆಗಾಹರ್ಟ್ಸ್. ಆದರೆ 2ಎಸ್‌ಸಿ5200ರಂಥ 30 ಮೆಗಾಹರ್ಟ್ಸಿನ ಹೊಸ ಆಡಿಯೋ ಟ್ರಾನ್ಸಿಸ್ಟರನ್ನು 1970ರ ಸರ್ಕ್ಯೂಟಿನಲ್ಲಿ ಕೂರಿಸುವುದಾದರೆ, ಸಿಗ್ನಲ್ಲಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಪಕ್ಕದಲ್ಲಿರಬೇಕು. ಅದಿಲ್ಲದಿದ್ದರೆ ಆ ಸಾಹಸ ಬೇಡ.

ಗೇನ್ ಬಗ್ಗೆ ಒಂದೇ ಮಾತು. 2ಎನ್3055ರ ಗೇನ್ 20ರಿಂದ 70ರ ಒಳಗೆ ಎಲ್ಲಿ ಬೇಕಾದರೂ ಇರಬಹುದು. ಅಷ್ಟು ಅಗಲದ ವ್ಯತ್ಯಾಸವನ್ನು ಡಿಸೈನರ್ ಮೊದಲೇ ನುಂಗಿಕೊಂಡಿರುತ್ತಾನೆ. ಹಳೆಯದಕ್ಕಿಂತ ಕಡಿಮೆ ಇರದಂತೆ ನೋಡಿದರೆ ಸಾಕು. ಒಂದೊಂದು ಕಡೆ ಎರಡು ಮೂರು ಟ್ರಾನ್ಸಿಸ್ಟರ್ ಹೆಗಲು ಕೊಟ್ಟು ನಿಂತಿದ್ದರೆ ಮಾತ್ರ ಎಲ್ಲವನ್ನೂ ಒಟ್ಟಿಗೆ, ಒಂದೇ ಲಾಟಿನವನ್ನು ಹಾಕಿ. ಇಲ್ಲದಿದ್ದರೆ ಒಬ್ಬನ ಮೇಲೆ ಭಾರ ಬೀಳುತ್ತದೆ.

## ಜರ್ಮೇನಿಯಂ ಇದ್ದರೆ ಕೈ ತಡೆಯಿರಿ

ಇನ್ನೂ ಹಳೆಯ ಆಂಪ್‌ಗಳಲ್ಲಿ ಸಿಲಿಕಾನ್ ಬದಲು ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುತ್ತದೆ. ಸಿಲಿಕಾನ್ ನಲ್ಲಿಯ ಹಿಡಿ ತಿರುಗಲು 0.6ರಿಂದ 0.7 ವೋಲ್ಟ್ ಬೇಕು. ಜರ್ಮೇನಿಯಂಗೆ 0.2, 0.3 ಸಾಕು. ಜರ್ಮೇನಿಯಂ ಜಾಗದಲ್ಲಿ ಸಿಲಿಕಾನ್ ಹಾಕಿದರೆ ಬಯಾಸ್ ಸಾಲದೆ ಅದು ಮುಚ್ಚಿಕೊಂಡೇ ಇರುತ್ತದೆ, ಶಬ್ದ ಹರಿದ ಹಾಗೆ ಬರುತ್ತದೆ. ಬಯಾಸಿನ ರೆಸಿಸ್ಟರುಗಳನ್ನು ಬದಲಿಸದೆ ಈ ಅದಲುಬದಲು ಆಗುವುದಿಲ್ಲ. ಇಂಥ ಆಂಪ್‌ಗಳಲ್ಲಿ ಹೆಚ್ಚಿನವು ಪಿಎನ್‌ಪಿ, ಪ್ಲಸ್ ತಂತಿಯೇ ಬಾಡಿಗೆ ಸೇರಿರುವುದೂ ಉಂಟು. ಸರ್ಕ್ಯೂಟ್ ಚಿತ್ರ ಕೈಯಲ್ಲಿಲ್ಲದೆ ಮುಟ್ಟದಿರುವುದೇ ವಾಸಿ.

## ಹಾಕುವ ಮೊದಲು: ಕೊಂದವರು ಯಾರು?

ವರ್ಷಗಳ ಹಿಂದೆ ಒಂದು ಬೇಸ್ ಗಿಟಾರ್ ಆಂಪ್‌ನಲ್ಲಿ ಎರಡು ಔಟ್‌ಪುಟ್ ಶಾರ್ಟ್ ಆಗಿದ್ದವು. ತೆಗೆದೆ, ಹೊಸದು ಹಾಕಿದೆ, ಸ್ವಿಚ್ ಒತ್ತಿದೆ. ಟಪ್ ಟಪ್ ಅಂತ ಎರಡು ಸದ್ದು. ಹೊಸ ಜೋಡಿ ಮೂರು ಸೆಕೆಂಡ್ ಕೂಡ ಬದುಕಲಿಲ್ಲ. ಒಂದು ಡ್ರೈವರ್ ಮೊದಲೇ ಶಾರ್ಟ್ ಆಗಿತ್ತು, ನಾನು ನೋಡಿರಲಿಲ್ಲ.

ಔಟ್‌ಪುಟ್ ಒಂಟಿಯಾಗಿ ಸಾಯುವುದು ಅಪರೂಪ. ಸಾಯುವಾಗ ಡ್ರೈವರನ್ನೂ, ಎಮಿಟರಿಗೆ ಕೂರಿಸಿದ 0.33 ಅಥವಾ 0.47 ಓಮಿನ ದಪ್ಪ ರೆಸಿಸ್ಟರನ್ನೂ ಎಳೆದುಕೊಂಡು ಹೋಗುತ್ತದೆ. ಹೀಟ್‌ಸಿಂಕಿಗೆ ಅಂಟಿಸಿದ ಬಯಾಸ್ ಡಯೋಡ್ ಇದ್ದರೆ ಅದನ್ನೂ ಅಳೆಯಿರಿ. ಟ್ರಾನ್ಸಿಸ್ಟರ್ ಕಾದ ಹಾಗೆ ಅದರ ಹಿಡಿ ಸಡಿಲವಾಗುತ್ತದೆ, ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್. ಆ ಡಯೋಡ್ ಶಾಖ ನೋಡಿ ಬಯಾಸ್ ಇಳಿಸುತ್ತದೆ. ಅದರ ತಂತಿ ಕಿತ್ತುಹೋದರೆ ಎರಡು ನಲ್ಲಿಗಳೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಉಳಿದ ಕೆಲಸ ಫ್ಯೂಸಿನದು, ಅದೂ ಸಕಾಲಕ್ಕೆ ಹೋದರೆ.

ಬಿಚ್ಚುವ ಮೊದಲು ಪ್ಲಗ್ ತೆಗೆದು, ದೊಡ್ಡ ಕೆಪಾಸಿಟರುಗಳು ಖಾಲಿಯಾಗಿವೆಯೇ ಅಂತ ಮೀಟರಿನಲ್ಲಿ ನೋಡಿ. ಸ್ವಿಚ್ ಆಫ್ ಆಗಿ ಹೊತ್ತಾದ ಮೇಲೂ ಅವು ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು.

## ಡುಪ್ಲಿಕೇಟ್ ಕಾಟ

ಹಳೆ ನಂಬರಿಗೆ ಬೇಡಿಕೆ ಇದ್ದ ಕಡೆ ಡುಪ್ಲಿಕೇಟೂ ಇರುತ್ತದೆ. ಸಣ್ಣ ಟ್ರಾನ್ಸಿಸ್ಟರನ್ನು ದೊಡ್ಡ ಟೋಪಿಯೊಳಗೆ ಇಟ್ಟು, ಮೇಲೆ ಹೊಸ ನಂಬರ್ ಒತ್ತಿರುತ್ತಾರೆ. ಹೀಗೆ ಸತ್ತ ಒಂದರ ಟೋಪಿಯನ್ನು ಹ್ಯಾಕ್‌ಸಾ ಬ್ಲೇಡಿನಲ್ಲಿ ಕೊಯ್ದು ನೋಡಿದ್ದೆ. ಪಕ್ಕದಲ್ಲಿ ಅದೇ ನಂಬರಿನ ಹಳೆಯ ಒರಿಜಿನಲ್ಲನ್ನೂ ಕೊಯ್ದಿಟ್ಟೆ. ಒರಿಜಿನಲ್ಲಿನ ಬಿಲ್ಲೆ ಗಾತ್ರದಲ್ಲಿ ಕಿರುಬೆರಳ ಉಗುರಿನ ಹತ್ತಿರ ಇತ್ತು. ಡುಪ್ಲಿಕೇಟಿನದು ಬೆಂಕಿಕಡ್ಡಿಯ ತಲೆಯಷ್ಟು. ಮೀಟರಿನಲ್ಲಿ ಎರಡೂ ಒಂದೇ ಥರ ಓದುತ್ತಿದ್ದವು ಅನ್ನುವುದೇ ತಮಾಷೆ. ಮೀಟರ್ ಹರಿಸುವುದು ಕೆಲವು ಮಿಲಿಆಂಪಿಯರ್, ಅಷ್ಟಕ್ಕೆ ಯಾವುದಾದರೂ ಸೈ. ತೂಕದಲ್ಲಿ ಹಗುರ, ಸ್ಪಿರಿಟ್ ಹಚ್ಚಿದರೆ ಅಳಿಸುವ ಅಕ್ಷರ, ತಯಾರಿಕೆ ನಿಂತು ದಶಕಗಳಾದ ಕಂಪನಿಯ ಹೆಸರಿದ್ದೂ ಮೈ ಮಿರಿಮಿರಿ ಹೊಸದು: ಇವು ಸಂಶಯದ ಗುರುತು. ಈಗಲೂ ತಯಾರಾಗುತ್ತಿರುವ ನಂಬರನ್ನು ತಯಾರಕರ ಅಧಿಕೃತ ವಿತರಕರಿಂದ ತರಿಸುವುದು ನಂಬುವ ದಾರಿ. "ಹಳೆ ಸ್ಟಾಕ್" ಅಂತ ಸಿಗುವ ಅಪರೂಪದ ನಂಬರಿನ ಹಿಂದೆ ಓಡುವುದಕ್ಕಿಂತ ಇದು ಮೇಲು.

## ಕೂರಿಸುವುದು, ಎಬ್ಬಿಸುವುದು

ಲೋಹದ ಟೋಪಿಯ ಟ್ರಾನ್ಸಿಸ್ಟರಿನಲ್ಲಿ ಮೈಯೇ ಕಲೆಕ್ಟರ್. ಹಾಗಾಗಿ ಅದಕ್ಕೂ ಹೀಟ್‌ಸಿಂಕಿಗೂ ನಡುವೆ ಮೈಕಾ ವಾಷರ್ ಇರುತ್ತದೆ. ಕರೆಂಟ್ ದಾಟಬಾರದು, ಶಾಖ ಮಾತ್ರ ದಾಟಬೇಕು. ಹಳೆ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿರುತ್ತದೆ. ಪೂರ್ತಿ ಕೆರೆದು, ಹೊಸ ಮೈಕಾದ ಎರಡೂ ಕಡೆ ತೆಳ್ಳಗೆ ಪೇಸ್ಟ್ ಸವರಿ. ಸ್ಕ್ರೂ ಬಿಗಿದ ಮೇಲೆ ಟ್ರಾನ್ಸಿಸ್ಟರಿನ ಮೈಗೂ ಹೀಟ್‌ಸಿಂಕಿಗೂ ಮೀಟರ್ ಹಿಡಿಯಿರಿ. ಬೀಪ್ ಅಂದರೆ ಎಲ್ಲೋ ಮೈಕಾ ತೂತಾಗಿದೆ, ಅಥವಾ ಸ್ಕ್ರೂ ತಗುಲಿದೆ. ಕೆಲವು ಆಂಪ್‌ಗಳಲ್ಲಿ ಮೈಕಾ ಇಲ್ಲದೆ ಇಡೀ ಹೀಟ್‌ಸಿಂಕನ್ನೇ ಬಾಡಿಯಿಂದ ದೂರ ಇಟ್ಟಿರುತ್ತಾರೆ. ಮೊದಲು ಹೇಗಿತ್ತು ಅಂತ ಬಿಚ್ಚುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಮೊದಲ ಸಲ ನೇರವಾಗಿ ಗೋಡೆಗೆ ಪ್ಲಗ್ ಹಾಕಬೇಡಿ. ಮೇನ್ಸ್ ತಂತಿಯ ದಾರಿಯಲ್ಲಿ 60 ಅಥವಾ 100 ವ್ಯಾಟಿನ ಹಳೆ ಥರದ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಕೊಡಿ. ಎಲ್‌ಇಡಿ ಆಗದು. ಸ್ಪೀಕರ್ ಬಿಚ್ಚಿಟ್ಟಿರಿ. ಸ್ವಿಚ್ ಒತ್ತಿದಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯ ಲಕ್ಷಣ. ಪೂರ್ತಿ ಬೆಳಗುತ್ತಲೇ ಇದ್ದರೆ ಇನ್ನೂ ಎಲ್ಲೋ ಶಾರ್ಟ್ ಇದೆ. ಬೆಳಗಿದ್ದು ಬಲ್ಬ್, ನಿಮ್ಮ ಹೊಸ ಟ್ರಾನ್ಸಿಸ್ಟರ್ ಬಹುಪಾಲು ಬದುಕಿದೆ.

ಆಮೇಲೆ ಸ್ಪೀಕರ್ ತಂತಿಗಳ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಪ್ಲಸ್-ಮೈನಸ್ ಸಪ್ಲೈ ಇರುವ ಆಂಪ್‌ನಲ್ಲಿ ಅದು 50 ಮಿಲಿವೋಲ್ಟಿನ ಒಳಗಿದ್ದರೆ ನೆಮ್ಮದಿ. ಒಂದೇ ಸಪ್ಲೈ ಇದ್ದು, ಸ್ಪೀಕರಿಗೆ ದೊಡ್ಡ ಕೆಪಾಸಿಟರ್ ಮೂಲಕ ಹೋಗುವ ಆಂಪ್ ಆದರೆ, ಕೆಪಾಸಿಟರಿಗೆ ಮೊದಲಿನ ಬಿಂದುವಿನಲ್ಲಿ ಸಪ್ಲೈನ ಅರ್ಧದಷ್ಟು ಇರಬೇಕು.

ಬಯಾಸ್ ಕೂರಿಸುವುದು ಬಲ್ಬ್ ತೆಗೆದ ಮೇಲೆ. ಎಮಿಟರ್ ರೆಸಿಸ್ಟರಿನ ಎರಡು ತುದಿಗೆ ಮೀಟರ್ ಹಿಡಿಯಿರಿ. 0.47 ಓಮಿನ ಮೇಲೆ 10 ಮಿಲಿವೋಲ್ಟ್ ಕಂಡರೆ ಹರಿಯುತ್ತಿರುವುದು ಸುಮಾರು 21 ಮಿಲಿಆಂಪಿಯರ್. ಎಷ್ಟಿರಬೇಕು ಅಂತ ಮ್ಯಾನುಯಲ್ಲಿನಲ್ಲಿ ಇದ್ದರೆ ಅದೇ ಅಂತಿಮ. ಕಡಿಮೆಯಿಂದ ಶುರುಮಾಡಿ, ಮೇಲಕ್ಕೆ ಬನ್ನಿ.

ಒಂದು ಗಂಟೆ ನುಡಿಸಿ. ಹೀಟ್‌ಸಿಂಕ್ ಬಿಸಿ ಇದ್ದಾಗಲೇ ಅದೇ ಎರಡು ತುದಿಗೆ ಮತ್ತೆ ಮೀಟರ್ ಹಿಡಿಯಿರಿ. 10 ಇದ್ದದ್ದು 12 ಆಗಿದ್ದರೆ ಮುಚ್ಚಳ ಹಾಕಬಹುದು. ಏರುತ್ತಲೇ ಹೋಗುತ್ತಿದ್ದರೆ ಸ್ವಿಚ್ ಆರಿಸಿ, ಆ ಬಯಾಸ್ ಡಯೋಡ್ ಹೀಟ್‌ಸಿಂಕಿಗೆ ಸರಿಯಾಗಿ ಅಂಟಿದೆಯೇ ಅಂತ ಮೊದಲು ನೋಡಿ.